ಹಳ್ಳಿಯ ಕೊಳಚೆ ನೀರು ಮತ್ತು ಬಾವಿಯ ನೀರು

ಮನುಷ್ಯನು ನೆಲಸಿದೆಡೆಯಲ್ಲೆಲ್ಲ ಎರಡು ಬಗೆಯ ನೀರುಂಟು. ಬೇಕೆಂದು ತರುವ ನೀರು ಒಂದು. ಬೇಡವೆಂದು ಚೆಲ್ಲುವ ನೀರು ಮತ್ತೊಂದು. ಮೊದಲನೆಯದಕ್ಕಾಗಿ ನಮ್ಮ ಹಿರಿಯರು ಪಟ್ಟ ಶ್ರಮ ಅಸಾಧಾರಣವಾದುದು. ಕಾಸರಗೋಡಿನ ನಾಡಿನಲ್ಲಿ ಅವರು ಆಳವಾದ ಬಾವಿಗಳನ್ನು ತೋಡಿದರು, ಮದಕಗಳನ್ನು ಕಟ್ಟಿದರು. ಎಣ್ಮಕಜೆ, ಬಾಯಾರು, ಪೈವಳಿಕೆ ಮುಂತಾದೆಡೆಗಳಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗಗಳನ್ನು ಕೊರೆದು, ಏತವಾಗಲಿ ಯಂತ್ರವಾಗಲಿ ಇಲ್ಲದೆ ನೀರು ತಾನಾಗಿಯೇ ಅಂಗಳಕ್ಕೆ ಹರಿದುಬರುವಂತೆ ಮಾಡಿದರು. ಆದರೆ ಎರಡನೆಯ ಬಗೆಯ ನೀರಿನ ವಿಷಯದಲ್ಲಿ ಅವರಿಗೆ ಅಷ್ಟು ಯೋಚನೆ ಅಗತ್ಯವಿರಲಿಲ್ಲ. ಮನೆಗಳು ದೂರದೂರವಿದ್ದವು, ಬಚ್ಚಲಿನ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು, ಉಳಿದುದನ್ನು ನೆಲವೂ ಬಿಸಿಲೂ ನೋಡಿಕೊಳ್ಳುತ್ತಿದ್ದವು.

ಇಂದು ಸ್ಥಿತಿ ಬೇರೆಯಾಗಿದೆ. ಜಮೀನು ಪಾಲಾಗಿ ಹತ್ತು ಸೆಂಟು, ಐದು ಸೆಂಟು ನೆಲದಲ್ಲಿ ಮನೆಗಳೆದ್ದಿವೆ. ಪ್ರತಿ ಮನೆಗೂ ಒಂದು ಶೌಚಾಲಯವುಂಟು. ಅದರ ಹಿಂದೆ ಒಂದು ಗುಂಡಿಯುಂಟು. ಅದೇ ಹಿತ್ತಿಲಿನಲ್ಲಿ, ಇಲ್ಲವೇ ನೆರೆಯವರ ಬೇಲಿಯ ಆಚೆ, ಕುಡಿಯುವ ನೀರಿನ ಬಾವಿಯೂ ಉಂಟು. ಹೀಗಿರುವಾಗ ಚೆಲ್ಲಿದ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು. ಈ ವಿಷಯದ ವಿವರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ದೊರೆಯುವುದರಿಂದ, ಕನ್ನಡ ಶಾಲೆಯ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಕನ್ನಡದಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಈ ಪಾಠದಲ್ಲಿ ಮುಖ್ಯವಾಗಿ ಗ್ರಹಿಸತಕ್ಕ ತತ್ತ್ವ ಒಂದೇ: ಕೊಳಚೆಯು ಕಣ್ಣಿಗೆ ಮರೆಯಾಗುವುದು ಬೇರೆ, ಶುದ್ಧವಾಗುವುದು ಬೇರೆ.

೧. ಕೊಳಚೆ ನೀರಿನ ಸ್ವರೂಪ

ಮನೆಯಿಂದ ಹೊರಬೀಳುವ ನೀರನ್ನು ಎರಡಾಗಿ ವಿಂಗಡಿಸಬೇಕು. ಸ್ನಾನ, ಬಟ್ಟೆ ಒಗೆತ, ಪಾತ್ರೆ ತೊಳೆತ ಇವುಗಳಿಂದ ಬರುವುದು ಬಚ್ಚಲು ನೀರು. ಶೌಚಾಲಯದಿಂದ ಬರುವುದು ಮಲಿನ ನೀರು. ಮೊದಲನೆಯದು ಪ್ರಮಾಣದಲ್ಲಿ ಹೆಚ್ಚು, ಅಪಾಯದಲ್ಲಿ ಕಡಿಮೆ. ಎರಡನೆಯದು ಪ್ರಮಾಣದಲ್ಲಿ ಕಡಿಮೆ, ಅಪಾಯದಲ್ಲಿ ಬಹಳ ಹೆಚ್ಚು. ವಾಂತಿಭೇದಿ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆಯ ಕೆಲವು ಬಗೆಗಳು, ಜಂತುಹುಳುವಿನ ಬಾಧೆ ಇವೆಲ್ಲ ಮನುಷ್ಯನ ಮಲದಿಂದ ನೀರಿಗೂ, ನೀರಿನಿಂದ ಬಾಯಿಗೂ ಸಾಗುವ ರೋಗಗಳು. ಈ ಎರಡು ನೀರನ್ನು ಒಂದೇ ಕೊಳವೆಗೆ ಬಿಟ್ಟರೆ ಅಷ್ಟೂ ನೀರು ಅಪಾಯದ್ದಾಗುತ್ತದೆ; ಅದನ್ನು ಶುದ್ಧಮಾಡುವ ಕೆಲಸವೂ ಹಲವು ಪಟ್ಟು ಹೆಚ್ಚುತ್ತದೆ. ಆದಕಾರಣ ಹಳ್ಳಿಯ ಮನೆಯಲ್ಲಿ ಇವೆರಡನ್ನೂ ಪ್ರತ್ಯೇಕವಾಗಿಡುವುದೇ ಮೊದಲ ನಿಯಮ.

ಪ್ರಮಾಣದ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಗ್ರಾಮವಾಸಿಗೆ ದಿನಕ್ಕೆ ತಲಾ ೫೫ ಲೀಟರು ನೀರನ್ನು ಗುರಿಯಾಗಿಟ್ಟಿತು. ಐವರ ಮನೆಗೆ ಇದು ೨೭೫ ಲೀಟರು. ಇದರಲ್ಲಿ ಮುಕ್ಕಾಲು ಪಾಲಿಗೆ ಸಮೀಪವಾದಷ್ಟು, ಎಂದರೆ ಸುಮಾರು ೨೦೦ ಲೀಟರು, ಬಳಕೆಯಾಗಿ ಹೊರಗೆ ಬರುತ್ತದೆಂದು ಇಟ್ಟುಕೊಳ್ಳೋಣ. ನೂರು ಮನೆಗಳ ಒಂದು ಊರಿಗೆ ದಿನಕ್ಕೆ ೨೦,೦೦೦ ಲೀಟರು. ನೀರು ಮನೆಗೆ ಬರುವ ವ್ಯವಸ್ಥೆಯಾದೊಡನೆ ನೀರು ಮನೆಯಿಂದ ಹೋಗುವ ವ್ಯವಸ್ಥೆಯೂ ಆಗಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೨. ಪ್ರಕೃತಿಯು ನೀರನ್ನು ಶುದ್ಧಗೊಳಿಸುವ ಬಗೆ

ಕೊಳಚೆಯಲ್ಲಿರುವ ಸಾವಯವ ವಸ್ತುಗಳನ್ನು ತಿಂದು ಬದುಕುವ ಅಸಂಖ್ಯ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇವೆ. ಗಾಳಿಯ ಆಮ್ಲಜನಕ ಸಾಕಷ್ಟು ದೊರೆತರೆ ಅವು ಕೊಳೆಯನ್ನು ದುರ್ಗಂಧವಿಲ್ಲದೆ ಜೀರ್ಣಿಸುತ್ತವೆ. ಆಮ್ಲಜನಕ ತೀರಿಹೋದರೆ, ಗಾಳಿಯಿಲ್ಲದೆಯೂ ಬದುಕಬಲ್ಲ ಬೇರೆ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮುಂದುವರಿಸುತ್ತವೆ. ಆದರೆ ನಿಧಾನವಾಗಿ, ಮತ್ತು ಕೆಟ್ಟ ನಾತವನ್ನು ಹೊರಡಿಸುತ್ತ.

ಈ ಕೆಲಸಕ್ಕೆ ಎಷ್ಟು ಆಮ್ಲಜನಕ ಬೇಕೆಂಬುದರಿಂದ ಕೊಳಚೆಯ ತೀವ್ರತೆಯನ್ನು ಅಳೆಯುತ್ತಾರೆ. ಇದಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಹೆಸರು. ನಮ್ಮ ದೇಶದಲ್ಲಿ ಈ ಪರೀಕ್ಷೆಯನ್ನು ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನ ನಡೆಸುವ ಪದ್ಧತಿಯುಂಟು. ಸಾಮಾನ್ಯ ಕೊಳಚೆಯ ಒಂದು ಲೀಟರಿಗೆ ೨೦೦ರಿಂದ ೩೦೦ ಮಿಲಿಗ್ರಾಂ ಆಮ್ಲಜನಕ ಬೇಕಾಗುತ್ತದೆ. ಆದರೆ ಅದೇ ಉಷ್ಣತೆಯಲ್ಲಿ ಒಂದು ಲೀಟರು ನೀರು ಕರಗಿಸಿಕೊಳ್ಳಬಲ್ಲ ಆಮ್ಲಜನಕ ಸುಮಾರು ೮ ಮಿಲಿಗ್ರಾಂ ಮಾತ್ರ. ನಿಂತ ಚರಂಡಿ ಏಕೆ ನಾರುತ್ತದೆಂಬುದಕ್ಕೆ ಈ ಎರಡು ಅಂಕೆಗಳೇ ಉತ್ತರ: ಬೇಡಿಕೆ ದೊಡ್ಡದು, ಬಂಡವಾಳ ಚಿಕ್ಕದು. ಎಲ್ಲ ಶುದ್ಧೀಕರಣ ವಿಧಾನಗಳ ಮೂಲವೂ ಇಲ್ಲಿಯೇ ಇದೆ. ನೀರಿಗೆ ಗಾಳಿಯನ್ನು ಕೊಡಬೇಕು, ಸೂಕ್ಷ್ಮಜೀವಿಗಳಿಗೆ ಕಾಲಾವಕಾಶ ಕೊಡಬೇಕು, ಅವು ನೆಲಸಲು ಮಣ್ಣು, ಮರಳು, ಜಲ್ಲಿ, ಬೇರು ಮುಂತಾದ ಆಸರೆಯನ್ನು ಒದಗಿಸಬೇಕು.

೩. ಇತಿಹಾಸದಿಂದ ಎರಡು ಮಾತು

೧೮೫೪ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ವಾಂತಿಭೇದಿ ಹಬ್ಬಿ ಆರುನೂರಕ್ಕೂ ಹೆಚ್ಚು ಜನ ಮಡಿದರು. ಜಾನ್ ಸ್ನೋ ಎಂಬ ವೈದ್ಯನು ಮನೆಮನೆಯ ಸಾವುಗಳನ್ನು ಗುರುತಿಸಿ, ಅವರಲ್ಲಿ ಬಹುಮಂದಿ ಒಂದೇ ಬಾವಿಯ ಕೈಪಂಪಿನ ನೀರನ್ನು ಕುಡಿದವರೆಂದು ತೋರಿಸಿದನು. ಆ ನೀರು ನೋಡಲು ತಿಳಿಯಾಗಿತ್ತು. ದೂರದಿಂದಲೂ ಬಂದು ಅದನ್ನು ಒಯ್ಯುವವರಿದ್ದರು. ಬಳಿಕ ಅಗೆದು ನೋಡಲಾಗಿ, ಹತ್ತಿರದ ಮನೆಯೊಂದರ ಮಲಗುಂಡಿಯ ಇಟ್ಟಿಗೆಗಳು ಸಡಿಲವಾಗಿದ್ದುವೆಂದೂ, ಆ ಗುಂಡಿಗೂ ಬಾವಿಗೂ ನಡುವೆ ಮೂರು ಅಡಿಯಷ್ಟೇ ಅಂತರವಿತ್ತೆಂದೂ ಕಂಡುಬಂತು. ನೀರಿನ ತಿಳಿಯನ್ನು ಕಂಡು ಮೋಸಹೋಗಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಅನಂತರದ ಕಾಲದಲ್ಲಿ ಶುದ್ಧೀಕರಣದ ಶಾಸ್ತ್ರ ಬೆಳೆಯಿತು. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ೧೮೯೦ರ ದಶಕದಲ್ಲಿ ಡೊನಾಲ್ಡ್ ಕ್ಯಾಮರನ್ ಎಂಬವನು ರೂಪಿಸಿದ ತೊಟ್ಟಿಯಿಂದ ‘ಸೆಪ್ಟಿಕ್ ಟ್ಯಾಂಕ್’ ಎಂಬ ಹೆಸರು ಬಳಕೆಗೆ ಬಂತು. ೧೯೧೪ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಕೊಳಚೆಗೆ ಗಾಳಿಯನ್ನೂದಿ, ಜೀವಂತ ಕೆಸರನ್ನು ಮತ್ತೆ ಮತ್ತೆ ಉಪಯೋಗಿಸುವ ವಿಧಾನವನ್ನು ಪ್ರಕಟಿಸಿದರು. ದೊಡ್ಡ ನಗರಗಳಲ್ಲಿ ಇಂದಿಗೂ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ ವಿಧಾನ. ಅವರಿಗೆ ಪ್ರೇರಣೆಯಿತ್ತ ಗಿಲ್ಬರ್ಟ್ ಫೌಲರ್ ಎಂಬ ರಸಾಯನಜ್ಞರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾದರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಆದರೆ ಈ ವಿಧಾನಕ್ಕೆ ಹಗಲಿರುಳೂ ವಿದ್ಯುತ್ತು ಬೇಕು, ನುರಿತ ಕೆಲಸಗಾರರು ಬೇಕು, ಒಂದೇ ಸಮನೆ ಬರುವ ಕೊಳಚೆ ಬೇಕು. ನೂರು ಮನೆಗಳ ಊರಿನಲ್ಲಿ ಈ ಮೂರೂ ಒಟ್ಟಿಗೆ ಸಿಕ್ಕುವುದು ಕಷ್ಟ. ವಿದ್ಯುತ್ತು ನಿಂತರೆ ಗಾಳಿ ನಿಲ್ಲುತ್ತದೆ. ಗಾಳಿ ನಿಂತರೆ ಉಪಕಾರಿಯಾದ ಸೂಕ್ಷ್ಮಜೀವಿಗಳು ಸಾಯುತ್ತವೆ. ಹಳ್ಳಿಗೆ ತಕ್ಕ ವಿಧಾನವು ನೆಲದ ಇಳಿಜಾರು, ಬಿಸಿಲು, ಮಣ್ಣು, ಗಿಡ ಇವುಗಳನ್ನೇ ನಂಬಿ ನಡೆಯುವಂಥದಾಗಿರಬೇಕು.

೪. ಮುರಕಲ್ಲಿನ ನೆಲ

ಹಾಗಾದರೆ ನಮ್ಮ ನೆಲದ ಗುಣವೇನೆಂಬುದನ್ನು ಮೊದಲು ತಿಳಿಯಬೇಕು. ಮನೆಗಳ ಗೋಡೆಗೆ ನಾವು ಬಳಸುವ ಕೆಂಪು ಮುರಕಲ್ಲನ್ನು ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಮಲಬಾರಿನಲ್ಲಿ ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವರ್ಣಿಸಿ, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬರ್ಥದ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವುದು ಇದರ ವಿಶೇಷ. ಇನ್ನೊಂದು ವಿಶೇಷವೇ ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಒಂದು ಮುರಕಲ್ಲನ್ನು ಒಡೆದು ನೋಡಿರಿ. ಹುಳು ಕೊರೆದಂತೆ ತೂತುಗಳೂ ಕೊಳವೆಗಳೂ ಕಾಣಿಸುತ್ತವೆ. ನೆಲದೊಳಗೂ ಅದು ಹಾಗೆಯೇ ಇದೆ.

ಸೂಕ್ಷ್ಮವಾದ ಮರಳುಮಣ್ಣಿನಲ್ಲಿ ಕೊಳಚೆಯ ನೀರು ಕಣಕಣಗಳ ನಡುವೆ ನುಸುಳುತ್ತ ನಿಧಾನವಾಗಿ ಇಳಿಯುತ್ತದೆ; ಆ ದಾರಿಯಲ್ಲಿ ರೋಗಾಣುಗಳು ಮಣ್ಣಿಗೆ ಅಂಟಿಕೊಳ್ಳುತ್ತವೆ, ಹಸಿವಿನಿಂದ ಸಾಯುತ್ತವೆ, ಬೇರೆ ಜೀವಿಗಳಿಗೆ ಆಹಾರವಾಗುತ್ತವೆ. ಮುರಕಲ್ಲಿನ ಕೊಳವೆಗಳಲ್ಲಿಯಾದರೋ ನೀರು ಸೋಸುವುದಿಲ್ಲ, ಓಡುತ್ತದೆ. ‘ನಮ್ಮ ಗುಂಡಿ ಎಷ್ಟು ವರ್ಷವಾದರೂ ತುಂಬುವುದಿಲ್ಲ’ ಎಂದು ಸಂತೋಷಪಡುವವರು ಅನೇಕರು. ತುಂಬದ ಗುಂಡಿಯ ನೀರು ಎಲ್ಲಿಗೋ ಹೋಗುತ್ತಿರಲೇಬೇಕು. ಬಾವಿಯು ತಗ್ಗಿನಲ್ಲಿದ್ದರೆ, ಅಥವಾ ಗುಂಡಿಯ ಕೆಳಗಿನ ಇಳಿಜಾರಿನಲ್ಲಿ ಸುರಂಗವೊಂದಿದ್ದರೆ, ಆ ದಾರಿ ಎಲ್ಲಿ ಮುಗಿಯುವುದೆಂದು ಊಹಿಸುವುದು ಕಷ್ಟವಲ್ಲ.

ಮಳೆಗಾಲದಲ್ಲಿ ಅಪಾಯ ಇಮ್ಮಡಿಸುತ್ತದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನಿನಿಂದ ಸಪ್ಟೆಂಬರದೊಳಗೆ. ಬೇಸಗೆಯಲ್ಲಿ ತಳ ಕಾಣುತ್ತಿದ್ದ ಬಾವಿಯಲ್ಲಿ ಆಟಿ ತಿಂಗಳಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ಆಗ ಗುಂಡಿಯ ತಳ ಮತ್ತು ಅಂತರ್ಜಲ ಒಂದನ್ನೊಂದು ಮುಟ್ಟುತ್ತವೆ. ನಡುವೆ ಇದ್ದ ಒಣಮಣ್ಣಿನ ಪದರವೇ ಇಲ್ಲದಂತಾಗುತ್ತದೆ. ಬೇಸಗೆಯಲ್ಲಿ ನಿರಪಾಯವಾಗಿದ್ದ ಗುಂಡಿಯು ಮಳೆಗಾಲದಲ್ಲಿ ಬಾವಿಗೆ ನೇರವಾಗಿ ಕೂಡಿಕೊಂಡಂತೆಯೇ ಸರಿ.

೫. ಗುಂಡಿಗಳನ್ನು ಮಾಡತಕ್ಕ ಕ್ರಮ

ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಪ್ರಚಾರದಲ್ಲಿದೆ. ಅದರಿಂದ ಹೊರಬರುವ ನೀರು ಶುದ್ಧವೆಂದು ಜನ ಭಾವಿಸುತ್ತಾರೆ. ಟ್ಯಾಂಕಿನೊಳಗೆ ಭಾರವಾದುದು ಕೆಳಗಿಳಿಯುತ್ತದೆ, ಹಗುರವಾದುದು ಕೆನೆಗಟ್ಟಿ ತೇಲುತ್ತದೆ, ನಡುವಿನ ನೀರು ಹೊರಹೋಗುತ್ತದೆ. ಕೊಳೆಯ ತೀವ್ರತೆ ಮೂರನೆಯ ಒಂದರಿಂದ ಅರ್ಧದವರೆಗೆ ತಗ್ಗುತ್ತದೆಯೇ ಹೊರತು ರೋಗಾಣುಗಳು ಬಹಳಷ್ಟು ಉಳಿದೇ ಇರುತ್ತವೆ. ಆ ನೀರನ್ನು ಮಣ್ಣಿನ ಮೂಲಕವೋ ಗಿಡಗಳ ಹಾಸಿನ ಮೂಲಕವೋ ಮತ್ತೊಮ್ಮೆ ಹಾಯಿಸಬೇಕು. ತಳದ ಕೆಸರನ್ನು ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದ ತೆಗೆಸಿ ಶುದ್ಧೀಕರಣದ ಕೇಂದ್ರಕ್ಕೆ ಸಾಗಿಸಬೇಕು. ತಳಕ್ಕೆ ಸಿಮೆಂಟು ಹಾಕದ ತೊಟ್ಟಿಯನ್ನು ಸೆಪ್ಟಿಕ್ ಟ್ಯಾಂಕೆಂದು ಕರೆದರೂ ಅದು ಬರಿಯ ಇಂಗುಗುಂಡಿಯೇ.

ಹಳ್ಳಿಯ ಮನೆಗೆ ಅವಳಿ ಗುಂಡಿಯ ಶೌಚಾಲಯ ಸರಳವಾದುದು. ಒಬ್ಬನಿಂದ ವರ್ಷಕ್ಕೆ ಗುಂಡಿಯಲ್ಲಿ ಉಳಿಯುವ ಘನವಸ್ತು ಸುಮಾರು ೦.೦೫ ಘನಮೀಟರು. ಐವರಿಗೆ ಮೂರು ವರ್ಷಕ್ಕೆ ೦.೭೫ ಘನಮೀಟರು. ಒಂದು ಮೀಟರು ವ್ಯಾಸ, ಒಂದು ಮೀಟರು ಉಪಯುಕ್ತ ಆಳದ ಗುಂಡಿಯು ಇದಕ್ಕೆ ಸಾಕು. ಮೊದಲನೆಯದು ತುಂಬಿದಾಗ ಎರಡನೆಯದಕ್ಕೆ ದಾರಿ ತಿರುಗಿಸಿ, ತುಂಬಿದುದನ್ನು ಒಂದೂವರೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಇಲ್ಲಿ ಕೆಲಸ ಮಾಡುವುದು ಕಾಲವೇ. ಜಂತುಹುಳುವಿನ ಮೊಟ್ಟೆಗಳು ಎಲ್ಲಕ್ಕಿಂತ ಹೆಚ್ಚು ದಿನ ಬದುಕುವುದರಿಂದ ಅವಸರ ಸಲ್ಲದು. ತುಂಬಿದ ಮಲಗುಂಡಿಗೆ ಮನುಷ್ಯನನ್ನು ಇಳಿಸುವ ಅನಿಷ್ಟ ಪದ್ಧತಿಯನ್ನು ೨೦೧೩ರ ಕಾಯಿದೆಯು ನಿಷೇಧಿಸಿದೆ. ಅವಳಿ ಗುಂಡಿಯಲ್ಲಿ ಅದರ ಪ್ರಸಂಗವೇ ಬಾರದು.

ಮುರಕಲ್ಲಿನ ನೆಲದಲ್ಲಿ ಗುಂಡಿ ಮಾಡುವವರು ಮುಂದಿನ ಅಂಶಗಳನ್ನು ಗಮನಿಸತಕ್ಕದ್ದು:

(ಅ) ಗುಂಡಿಯ ತಳವು ಮಳೆಗಾಲದ ಅಂತರ್ಜಲದ ಮಟ್ಟಕ್ಕಿಂತ ಎರಡು ಮೀಟರಾದರೂ ಮೇಲಿರಬೇಕು. ಬೇಸಗೆಯ ಮಟ್ಟವನ್ನು ನೋಡಿ ತೋಡಬಾರದು. ನೀರು ಮೇಲಿರುವೆಡೆ ಗುಂಡಿಯನ್ನು ಎತ್ತರಿಸಿ ಕಟ್ಟುವುದು ಲೇಸು.

(ಆ) ಬಾವಿಗೂ ಗುಂಡಿಗೂ ನಡುವೆ ಕೇರಳದ ಪಂಚಾಯತು ಕಟ್ಟಡ ನಿಯಮಗಳು ಏಳೂವರೆ ಮೀಟರು ಅಂತರವನ್ನು ವಿಧಿಸಿವೆ. ಇದು ಕನಿಷ್ಠ ಮಿತಿ. ತೂತುಗಳುಳ್ಳ ಕಲ್ಲಿನಲ್ಲಿ ಇನ್ನೂ ದೂರವಿದ್ದಷ್ಟೂ ಒಳ್ಳೆಯದು. ಅಂತರವನ್ನು ನೆರೆಮನೆಯ ಬಾವಿಯಿಂದಲೂ ಅಳೆಯಬೇಕು, ನೆಲದೊಳಗೆ ಬೇಲಿಯಿಲ್ಲ.

(ಇ) ಗುಂಡಿಯ ತಳವನ್ನು ಸಿಮೆಂಟಿನಿಂದಲೋ ಜೇಡಿಮಣ್ಣಿನಿಂದಲೋ ಮುಚ್ಚಿ, ಗೋಡೆಯ ಸುತ್ತ ಅರ್ಧ ಮೀಟರು ದಪ್ಪಕ್ಕೆ ಸಣ್ಣ ಮರಳನ್ನು ತುಂಬಬೇಕು. ಮುರಕಲ್ಲಿಗೆ ಇಲ್ಲದ ಸೋಸುವ ಗುಣವನ್ನು ಈ ಮರಳಿನ ಕವಚವು ಒದಗಿಸುತ್ತದೆ. ನಮ್ಮ ನೆಲಕ್ಕೆ ಅತ್ಯಂತ ಅವಶ್ಯವಾದ ಏರ್ಪಾಡು ಇದೇ.

(ಈ) ಬಾವಿಯು ತಗ್ಗಿನಲ್ಲಿದ್ದು ಗುಂಡಿಯು ಎತ್ತರದಲ್ಲಿರಬಾರದು. ಸುರಂಗವಿರುವ ಗುಡ್ಡದ ನೆತ್ತಿಯಲ್ಲಿ ಮನೆ ಕಟ್ಟುವವರು ಕೆಳಗಿನವರ ನೀರನ್ನು ನೆನೆಯಬೇಕು.

೬. ಬಚ್ಚಲು ನೀರಿನ ಉಪಯೋಗ

ಬಚ್ಚಲು ನೀರು ಬಿಸಾಡತಕ್ಕ ವಸ್ತುವಲ್ಲ. ಬೇಸಗೆಯಲ್ಲಿ ತೆಂಗಿನ ಮರವೊಂದಕ್ಕೆ ನಾಲ್ಕು ದಿನಗಳಿಗೊಮ್ಮೆ ೨೦೦ ಲೀಟರು ನೀರು ಹಾಯಿಸಬೇಕೆಂಬುದು ಕೃಷಿತಜ್ಞರ ಸಲಹೆ. ಮೇಲೆ ಲೆಕ್ಕಮಾಡಿದಂತೆ ಐವರ ಮನೆಯಿಂದ ದಿನಕ್ಕೆ ಹೊರಬರುವ ನೀರು ಸುಮಾರು ಅಷ್ಟೇ. ಎಂದರೆ ನಾಲ್ಕು ತೆಂಗುಗಳಿಗೆ ಸರದಿಯಂತೆ ಒಂದೊಂದು ದಿನ ಬಿಟ್ಟರೆ, ಬಾವಿಯನ್ನು ಮುಟ್ಟದೆ ಆ ನಾಲ್ಕೂ ಮರಗಳು ಬೇಸಗೆಯನ್ನು ದಾಟುತ್ತವೆ.

ಆದರೆ ಕ್ರಮವಿರಬೇಕು. ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ಜಿಡ್ಡನ್ನೂ ಅನ್ನದ ಅಗುಳನ್ನೂ ತಡೆದು, ವಾರಕ್ಕೊಮ್ಮೆ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು. ಒಂದೇ ಬುಡಕ್ಕೆ ಯಾವಾಗಲೂ ಬಿಟ್ಟರೆ ಸಾಬೂನಿನ ಸೋಡಿಯಂ ಲವಣವು ಸೇರಿ ಮಣ್ಣು ಬಿಗಿಯಾಗುತ್ತದೆ. ಆದಕಾರಣ ಸರದಿ ಅಗತ್ಯ. ಹಸಿಯಾಗಿ ತಿನ್ನುವ ಸೊಪ್ಪುತರಕಾರಿಗಳಿಗೆ ಈ ನೀರು ಸಲ್ಲದು. ನೀರು ನಿಲ್ಲಲೂಬಾರದು, ನಿಂತ ಕೊಳಚೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೇ ಆನೆಕಾಲು ರೋಗವನ್ನು ಹರಡುವುದು. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡವಾದ ಕಾರಣ, ಬಾವಿಯಿಂದ ದೂರದಲ್ಲಿ ಮರಳು ಜಲ್ಲಿ ತುಂಬಿದ ಆಳವಿಲ್ಲದ ಉದ್ದ ಕಾಲುವೆಗೆ ಅದನ್ನು ತಿರುಗಿಸಬೇಕು. ಆಳವಾದ ಗುಂಡಿಗಿಂತ ಮೇಲುಮಣ್ಣಿನ ಕಾಲುವೆ ಮೇಲು. ಗಾಳಿಯೂ ಬೇರುಗಳೂ ಸೂಕ್ಷ್ಮಜೀವಿಗಳೂ ಇರುವುದು ಮೇಲುಮಣ್ಣಿನಲ್ಲಿಯೇ.

೭. ಹಲವು ಮನೆಗಳ ಕೂಡುನೀರು

ಮನೆಗಳು ಒತ್ತಾಗಿರುವ ಪೇಟೆಗೇರಿಯಲ್ಲಿ, ಶಾಲೆಯ ಅಡುಗೆಮನೆಯಲ್ಲಿ, ದೇವಸ್ಥಾನದ ಭೋಜನಶಾಲೆಯಲ್ಲಿ ಮನೆಯಳತೆಯ ಏರ್ಪಾಡು ಸಾಲದು. ಅಲ್ಲಿ ಮೊದಲು ಜಿಡ್ಡು ತಡೆಯುವ ತೊಟ್ಟಿ, ಬಳಿಕ ಕೆಸರು ಇಳಿಯುವ ತೊಟ್ಟಿ, ಅದರಿಂದ ಮುಂದೆ ಜಲ್ಲಿಯ ಹಾಸು ಎಂದು ಮೂರು ಹಂತಗಳನ್ನು ಮಾಡಬಹುದು. ಜಲ್ಲಿಯ ಹಾಸಿನಲ್ಲಿ ಆಪು, ಕಾಬಾಳೆ ಮುಂತಾದ ಜೌಗಿನ ಗಿಡಗಳನ್ನು ನೆಟ್ಟು, ನೀರು ಜಲ್ಲಿಯ ಮೇಲ್ಮೈಗಿಂತ ಕೆಳಗೇ ಹರಿಯುವಂತೆ ಮಾಡಿದರೆ ವಾಸನೆಯೂ ಇಲ್ಲ, ಸೊಳ್ಳೆಯೂ ಇಲ್ಲ. ಜರ್ಮನಿಯಲ್ಲಿ ಕೇಟೆ ಸೈಡೆಲ್ ಎಂಬ ಸಸ್ಯವಿಜ್ಞಾನಿ ೧೯೫೦ರ ದಶಕದಲ್ಲಿ ಇಂಥ ಗಿಡಗಳ ಶುದ್ಧೀಕರಣಶಕ್ತಿಯನ್ನು ಪ್ರಯೋಗಗಳಿಂದ ಪರೀಕ್ಷಿಸಿದಳು. ಜಾಗ ಹೆಚ್ಚಾಗಿರುವ, ಬಿಸಿಲು ಚೆನ್ನಾಗಿ ಬೀಳುವ ಊರುಗಳಲ್ಲಿ ಒಂದರಿಂದ ಒಂದೂವರೆ ಮೀಟರು ಆಳದ ಕೊಳಗಳನ್ನು ತೋಡುವುದೂ ಉಂಟು. ಅಲ್ಲಿ ಪಾಚಿಯು ಬಿಸಿಲಿನಿಂದ ಆಮ್ಲಜನಕವನ್ನು ಹುಟ್ಟಿಸಿ ಸೂಕ್ಷ್ಮಜೀವಿಗಳಿಗೆ ಕೊಡುತ್ತದೆ. ಆದರೆ ನಮ್ಮ ಮುರಕಲ್ಲಿನಲ್ಲಿ ಕೊಳಕ್ಕೆ ಜೇಡಿಯ ಹಾಸು ಇಲ್ಲದಿದ್ದರೆ ಹಿಂದೆ ಹೇಳಿದ ದೋಷವೇ ಮರುಕಳಿಸುತ್ತದೆ.

೮. ಬಾವಿಯ ಪರೀಕ್ಷೆ

೧೯೮೨ರಲ್ಲಿ ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಾಂಜ ಮತ್ತು ಸಂಗಡಿಗರು ಒಂದು ಸುಲಭ ಪರೀಕ್ಷೆಯನ್ನು ಪ್ರಕಟಿಸಿದರು. ಔಷಧ ಹೀರಿದ ಕಾಗದದ ಪಟ್ಟಿಯುಳ್ಳ ಶೀಶೆಗೆ ಬಾವಿಯ ನೀರನ್ನು ತುಂಬಿ ಬೆಚ್ಚನೆಯ ಸ್ಥಳದಲ್ಲಿ ಒಂದೆರಡು ದಿನ ಇಡುವುದು. ನೀರು ಕಪ್ಪಾದರೆ ಮಲದ ಸಂಪರ್ಕವಿದೆಯೆಂದು ಸಂಶಯಪಡುವುದು. ಇಂಥ ಶೀಶೆಗಳು ಈಗ ಸುಲಭವಾಗಿ ದೊರೆಯುತ್ತವೆ. ಕಪ್ಪಾದ ಬಾವಿಯ ನೀರನ್ನು ಕುದಿಸಿಯೇ ಕುಡಿಯಬೇಕು, ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ೧೦೦ ಮಿಲಿಲೀಟರಿನಲ್ಲಿ ಈ ಕೊಲೈ ಎಂಬ ಸೂಕ್ಷ್ಮಜೀವಿ ಒಂದೂ ಇರಕೂಡದು. ಬ್ಲೀಚಿಂಗ್ ಪುಡಿಯು ಅಂದಿನ ರೋಗಾಣುಗಳನ್ನು ಕೊಲ್ಲುತ್ತದೆ. ಗುಂಡಿಯಿಂದ ನಾಳೆ ಬರುವವನ್ನು ತಡೆಯಲಾರದು.

ಕೊಳಚೆಯಿಂದ ಬರುವ ನೈಟ್ರೇಟು ಎಂಬ ಲವಣವು ಮರಳಿಗೂ ಕುದಿತಕ್ಕೂ ಬಗ್ಗುವುದಿಲ್ಲ. ಲೀಟರಿಗೆ ೪೫ ಮಿಲಿಗ್ರಾಮಿಗಿಂತ ಅದು ಹೆಚ್ಚಬಾರದೆಂದು ಮಾನಕವು ವಿಧಿಸಿದೆ. ಹಾಲುಗೂಸುಗಳಿಗೆ ನೀರಿನಲ್ಲಿ ಕಲಸಿದ ಆಹಾರವನ್ನು ಕೊಟ್ಟಾಗ ಈ ಲವಣದಿಂದ ಮೈ ನೀಲಿಗಟ್ಟುವುದನ್ನು ಅಮೆರಿಕೆಯ ವೈದ್ಯ ಕಾಮ್ಲಿ ೧೯೪೫ರಲ್ಲಿ ವಿವರಿಸಿದನು. ಗುಂಡಿಯನ್ನು ಬಾವಿಯಿಂದ ದೂರವಿಡುವುದಕ್ಕೆ ಇದೂ ಒಂದು ಕಾರಣ.

ಒಟ್ಟಿನಲ್ಲಿ ಹಳ್ಳಿಯ ಕೊಳಚೆಯ ಶುದ್ಧೀಕರಣವು ದೊಡ್ಡ ಯಂತ್ರಗಳ ವಿಷಯವಲ್ಲ. ಅಳತೆಗೋಲು, ಒಂದಿಷ್ಟು ಮರಳು, ನೆರೆಹೊರೆಯವರ ಒಮ್ಮತ ಇವುಗಳ ವಿಷಯ. ಒಬ್ಬನ ಗುಂಡಿ ಎಲ್ಲಿರಬೇಕೆಂಬುದನ್ನು ಒಬ್ಬನೇ ನಿರ್ಣಯಿಸಲಾಗದು. ನಾಲ್ಕು ಮನೆಯವರು ಕೂಡಿ ತಮ್ಮ ಬಾವಿಗಳನ್ನೂ ಗುಂಡಿಗಳನ್ನೂ ಒಂದೇ ಕಾಗದದಲ್ಲಿ ಬರೆದು ನೋಡಬೇಕು. ಆ ಕಾಗದವನ್ನು ಬರೆಯುವ ಕೆಲಸವನ್ನು ನಮ್ಮ ಶಾಲೆಯ ವಿದ್ಯಾರ್ಥಿಗಳು ಆರಂಭಿಸುವಂತಾಗಲಿ.

ಅಭ್ಯಾಸ

೧. ನಿಮ್ಮ ಮನೆಯ ಮತ್ತು ನೆರೆಯ ಎರಡು ಮನೆಗಳ ಬಾವಿ, ಗುಂಡಿ, ಬಚ್ಚಲು ಕಾಲುವೆಗಳ ನಕ್ಷೆಯನ್ನು ಬರೆದು ಅಂತರಗಳನ್ನು ಮೀಟರುಗಳಲ್ಲಿ ಗುರುತಿಸಿರಿ. ನೆಲದ ಇಳಿಜಾರನ್ನು ಬಾಣದಿಂದ ತೋರಿಸಿರಿ.

೨. ಬಾವಿಯ ದಂಡೆಯಿಂದ ನೀರಿನವರೆಗಿನ ಆಳವನ್ನು ತಿಂಗಳಿಗೊಮ್ಮೆ ಅಳೆದು, ಒಂದು ವರ್ಷದ ರೇಖಾಚಿತ್ರವನ್ನು ರಚಿಸಿರಿ. ಯಾವ ತಿಂಗಳಲ್ಲಿ ಗುಂಡಿಯ ತಳಕ್ಕೂ ನೀರಿಗೂ ಅಂತರ ಅತ್ಯಂತ ಕಡಿಮೆಯಾಗುತ್ತದೆ?

೩. ಒಂದಡಿ ಆಳದ ಕುಳಿಯನ್ನು ಹಿಂದಿನ ದಿನವೇ ನೀರಿನಿಂದ ಚೆನ್ನಾಗಿ ನೆನೆಸಿ, ಮರುದಿನ ನೀರು ತುಂಬಿ, ಮಟ್ಟವು ಎರಡೂವರೆ ಸೆಂಟಿಮೀಟರು ಇಳಿಯಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಿರಿ. ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಆ ನೆಲ ಇಂಗುಗುಂಡಿಗೆ ತಕ್ಕುದಲ್ಲ. ಎರಡು ಮೂರು ನಿಮಿಷಗಳಲ್ಲೇ ಇಳಿದುಹೋದರೆ ಮೆಚ್ಚಬೇಕೋ ಎಚ್ಚರಗೊಳ್ಳಬೇಕೋ? ಕಾರಣಸಹಿತ ವಿವರಿಸಿರಿ.

೪. ನಿಮ್ಮ ಮನೆಯಲ್ಲಿ ಒಂದು ದಿನ ಹೊರಬೀಳುವ ಬಚ್ಚಲು ನೀರನ್ನು ಕೊಡಗಳ ಲೆಕ್ಕದಲ್ಲಿ ಅಂದಾಜುಮಾಡಿ, ಅದು ಎಷ್ಟು ತೆಂಗಿನ ಮರಗಳಿಗೆ ಸಾಕಾಗುವುದೆಂದು ಗಣಿಸಿರಿ.